ಎಡಕ್ಕೆ ಹಾಕಿದರೆ ನಾಲ್ಕೂ

ಫೆಬ್ರವರಿ ೯

ಮಾವನವರಿಗೆ ನಮಸ್ಕಾರ.

ಹದಿನಾಲ್ಕು ತಿಂಗಳ ನಂತರ ನನ್ನ ಕೈಬರಹ ಕಂಡರೆ ಲಕೋಟೆ ಒಡೆಯದೆಯೇ ಬಿಸಾಡುತ್ತೀರೇನೋ ಎಂಬ ಅಂಜಿಕೆಯಿಂದ ಹೊರಗೆ ನನ್ನ ವಿಳಾಸ ಬರೆದಿಲ್ಲ. ನಾನು ಕೆಲಸ ಮಾಡುವ ನೀರಿನ ಮೀಟರ್ ಕಚೇರಿಯ ಮುದ್ರೆ ಒತ್ತಿದ್ದೇನೆ. ಫೋನ್ ಮಾಡೋಣವೆಂದರೆ ಮೂವತ್ತೈದು ವರ್ಷ ಕಂಡವರ ಗಾಡಿಯ ಹಾರನ್ ರಿಪೇರಿ ಮಾಡಿ ನಿಮ್ಮ ಕಿವಿ ಹೋಗಿದೆ, ನಿಮ್ಮ ಪರವಾಗಿ ಫೋನ್ ಎತ್ತುವವರು ನಿಮ್ಮ ಮಗ. ಅವರನ್ನು ಬಿಟ್ಟು ಬಂದ ಮೇಲೆ ಅವರ ದನಿ ಕೇಳುವ ಆಸೆ ನನಗಿಲ್ಲ.

ವಿಷಯ ಗಾಡಿಯದು. ನೀವೇ ಆರಿಸಿಕೊಟ್ಟ ಆ ಹಳೆಯ ಬೈಕಿಗೆ ನವೆಂಬರಿನಲ್ಲಿ ಹೊಸ ಇಂಡಿಕೇಟರ್ ಹಾಕಿದ್ದಾಯಿತು. ಹಳೆಯ ದಪ್ಪ ಕಿತ್ತಳೆ ಬಣ್ಣದವು ಹೋಗಿ ಬೆರಳುದ್ದದ ಎಲ್ಇಡಿ ದೀಪಗಳು ಬಂದವು. ನೋಡುವುದಕ್ಕೇನೋ ಚೆಂದ. ಆದರೆ ಅವತ್ತಿನಿಂದ ಗಾಡಿಗೆ ತಲೆ ಕೆಟ್ಟಿದೆ. ಎಡಕ್ಕೆ ಹಾಕಿದರೆ ನಾಲ್ಕೂ ಮಿನುಗುತ್ತವೆ, ಬಲಕ್ಕೆ ಹಾಕಿದರೂ ನಾಲ್ಕೂ. ಬ್ರೇಕ್ ಒತ್ತಿದರೆ ಹಿಂದಿನ ಎರಡು ಮಂಕಾಗಿ ಉರಿಯುತ್ತವೆ. ದಿನಕ್ಕೆ ನೂರಿಪ್ಪತ್ತು ಮನೆಯ ಮೀಟರ್ ಓದುವವಳು ನಾನು, ಗಲ್ಲಿಗೊಮ್ಮೆ ತಿರುಗಬೇಕು. ನಾನು ಎತ್ತ ಹೋಗುತ್ತೇನೆಂದು ತಿಳಿಯದೆ ಹಿಂದೆ ಬರುವವರೆಲ್ಲ ಬಾಯಿಗೆ ಬಂದಂತೆ ಬೈದು ಹೋಗುತ್ತಿದ್ದರು. ಕೊನೆಗೆ ಇಂಡಿಕೇಟರ್ ಹಾಕಿ, ಅದರ ಮೇಲೆ ಕೈಯನ್ನೂ ತೋರಿಸಿಕೊಂಡು ಓಡಿಸುತ್ತಿದ್ದೆ.

ಜನವರಿ ಇಪ್ಪತ್ತೆರಡಕ್ಕೆ ಚುಮ್ಮಿಯನ್ನು ಶಾಲೆಯಿಂದ ಕರೆತರುತ್ತಿದ್ದಾಗ ಹಿಂದೆ ಕೂತವಳು "ಅಮ್ಮಾ, ಕಾಲು ಬಿಸಿ" ಎಂದಳು. ಬಿಸಿಲಿಗಿರಬೇಕು ಎಂದುಕೊಂಡು ಇನ್ನೊಂದು ತಿರುವು ದಾಟಿದೆ. ಆಮೇಲೆ ಹೊಗೆ ಕಂಡಿತು. ನಿಲ್ಲಿಸಿ ಅವಳನ್ನು ಎತ್ತಿ ಇಳಿಸುವಷ್ಟರಲ್ಲಿ ಸೀಟಿನ ಪಕ್ಕದ ಪ್ಲಾಸ್ಟಿಕ್ ಕರಗಿ ಅವಳ ಮೀನಖಂಡಕ್ಕೆ ಅಂಟಿಕೊಂಡಿತ್ತು. ಬಿಡಿಸುವಾಗ ಚರ್ಮವೂ ಬಂತು. ಆ ವಾಸನೆ ಇನ್ನೂ ನನ್ನ ಮೂಗು ಬಿಟ್ಟಿಲ್ಲ, ಎರಡು ವಾರವಾಯಿತು ಊಟ ನೆಟ್ಟಗೆ ಒಳಗೆ ಹೋಗುತ್ತಿಲ್ಲ.

ಇದನ್ನೇ ಹಿಡಿದುಕೊಂಡು ನಿಮ್ಮ ಮಗ ಕೋರ್ಟಿಗೆ ಹೋಗಿದ್ದಾರೆ. ಏಳು ವರ್ಷದ ಮಗುವನ್ನು ಹಾಳು ಗಾಡಿಯಲ್ಲಿ ಕೂರಿಸಿಕೊಂಡು ಬೀದಿ ಸುತ್ತುವ ತಾಯಿಯ ಹತ್ತಿರ ಬಿಡಬಾರದಂತೆ, ಚುಮ್ಮಿ ಅವರ ಜೊತೆ ಇರಬೇಕಂತೆ. ಏಪ್ರಿಲ್ ಇಪ್ಪತ್ತಕ್ಕೆ ವಿಚಾರಣೆ. ನಿಮಗೆ ಗೊತ್ತೇ ಇರುತ್ತದೆ.

ಇಲ್ಲಿನ ಮೆಕ್ಯಾನಿಕ್ ಸೀಟ್ ಎತ್ತಿ ನೋಡಿದವನೇ, "ಇದು ನನ್ನ ಕೈಲಾಗಲ್ಲ ಮೇಡಂ, ವೈರಿಂಗ್ ಪೂರ್ತಿ ಕಿತ್ತು ಬಿಸಾಕಿ" ಎಂದ. ನಾನು ಬಿಸಾಡಲಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ, ಬೆಂಕಿ ಹೇಗೆ ಹತ್ತಿತು? ತಪ್ಪು ನನ್ನದಾದರೆ ನನ್ನದೇ ಎಂದು ಬರೆಯಿರಿ. ವೈರಿನ ವಿಷಯದಲ್ಲಿ ನೀವು ಯಾರ ಮುಲಾಜೂ ನೋಡುವವರಲ್ಲ ಎಂದು ಬರೆಯುತ್ತಿದ್ದೇನೆ.

ಇತಿ,
ಚುಮ್ಮಿಯ ಅಮ್ಮ


ಫೆಬ್ರವರಿ ೧೬

ಚುಮ್ಮಿಯ ತಾಯಿಗೆ,

ಪತ್ರ ಬಂತು. ಮನೆ ಬಿಟ್ಟು ಹೋದವರ ಜೊತೆ ನನಗೆ ಮಾತಿಲ್ಲ. ಮಗುವಿಗೋಸ್ಕರ, ಗಾಡಿಗೋಸ್ಕರ ಬರೆಯುತ್ತಿದ್ದೇನೆ, ಅಷ್ಟೇ.

ಎಲ್ಇಡಿಯಂತೆ, ಬೆರಳುದ್ದವಂತೆ! ಥೂ! ಗಾಡಿ ತಯಾರಿಸಿದವರೇನು ತಲೆಯಿಲ್ಲದೆ ಅಷ್ಟು ದಪ್ಪ ದೀಪ ಕೊಟ್ಟಿದ್ದರೇ? ಈಗಿನವರಿಗೆ ಗಾಡಿ ಓಡದಿದ್ದರೂ ಚಿಂತೆಯಿಲ್ಲ, ನಿಂತಲ್ಲಿ ಮಿಣಮಿಣ ಅನ್ನಬೇಕು. ವಾರಕ್ಕೆ ನಾಲ್ಕಾದರೂ ಇಂಥವು ನನ್ನ ಅಂಗಡಿಗೂ ಬರುತ್ತವೆ. ಸೀಟ್ ಎತ್ತಿದರೆ ಒಳಗೆ ಹುಳ ಹೊರಳಾಡುವ ಹಾಗೆ ವೈರು, ಒಂದಕ್ಕೊಂದು ತಿರುಚಿ ಮೇಲೊಂದಿಷ್ಟು ಟೇಪು. ಮುಟ್ಟಿದ ಮೇಲೆ ಎರಡು ಸಲ ಸೋಪು ಹಾಕಿ ಕೈ ತೊಳೆಯುತ್ತೇನೆ. ಗ್ರೀಸಿಗೆ ನಾನು ಎಂದೂ ಅಸಹ್ಯಪಟ್ಟವನಲ್ಲ, ಇಂಥ ಕೆಲಸಕ್ಕೆ ಪಡುತ್ತೇನೆ.

ಯಾರು ಹಾಕಿದ್ದು? ಬಸ್ ನಿಲ್ದಾಣದ ಹತ್ತಿರ ಗಾಡಿಗೆ ಸ್ಟಿಕ್ಕರ್ ಅಂಟಿಸಿಕೊಂಡು ತಾನೂ ಎಲೆಕ್ಟ್ರಿಷಿಯನ್ ಅನ್ನುತ್ತಾರಲ್ಲ, ಆ ಪೈಕಿಯವನೇ ಇರಬೇಕು. ಯಾರೆಂದು ಬರೆ, ಉಗಿದು ಉಪ್ಪಿನಕಾಯಿ ಹಾಕುತ್ತೇನೆ.

ಈಗ ಹೇಳಿದಷ್ಟು ಮಾಡು. ಬ್ಯಾಟರಿಯ ಎರಡೂ ತಂತಿ ಕಳಚು, ಮೈನಸ್ ಮೊದಲು. ಸುಟ್ಟ ತುಂಡನ್ನು ಕತ್ತರಿಸಿ ಡಬ್ಬಿಯಲ್ಲಿಡು, ಆ ಜಾಗಕ್ಕೆ ಹೊಸ ವೈರು ಸೇರಿಸು. ಫ್ಯೂಸ್ ಪೆಟ್ಟಿಗೆ ತೆರೆದು ಒಳಗೇನಿದೆ ನೋಡು. ವೈರಿನಲ್ಲಿ ಏನೇ ಎಡವಟ್ಟಾದರೂ ಬೆಂಕಿ ಏಳುವ ಮೊದಲು ಫ್ಯೂಸ್ ತಾನು ಸುಟ್ಟು ಕರೆಂಟ್ ಕಡಿಯಬೇಕು, ಅದನ್ನು ಇಟ್ಟಿರುವುದೇ ಅದಕ್ಕೆ. ಅದು ಯಾಕೆ ಸುಮ್ಮನಿತ್ತು ಅನ್ನುವುದು ನನಗೆ ಅರ್ಥವಾಗುತ್ತಿಲ್ಲ. ಆಮೇಲೆ ಹತ್ತು ಆಂಪಿನ ಹೊಸ ಫ್ಯೂಸ್ ಹಾಕಿ, ಬ್ಯಾಟರಿ ಮತ್ತೆ ಜೋಡಿಸಿ, ಹಳೆಯ ಇಂಡಿಕೇಟರ್ ಇಟ್ಟುಕೊಂಡಿದ್ದರೆ ಅವನ್ನೇ ಸಿಕ್ಕಿಸು. ಅವು ಸರಿಯಾಗಿ ಮಿನುಗಿದರೆ ಸ್ವಿಚ್ಚಿನ ತಪ್ಪಲ್ಲ. ಮತ್ತೆ ಹೊಸವನ್ನು ಸಿಕ್ಕಿಸಿ, ಮುಂದಿನ ಮೀಟರಿನಲ್ಲಿ ಬಾಣದ ಗುರುತು ಬೆಳಗಿಸುವ ಪುಟ್ಟ ಬಲ್ಬ್ ಇದೆಯಲ್ಲ, ಅದನ್ನು ಕಿತ್ತು ನೋಡು. ಟೇಪ್ ಸುತ್ತಿದ ಕಡೆಯೆಲ್ಲ ಬಿಚ್ಚು, ಒಂದನ್ನೂ ಬಿಡಬೇಡ. ಊಹೆ ಬೇಡ. ಕಣ್ಣಿಗೆ ಕಂಡದ್ದನ್ನು ಬರೆ.

ಮಗುವಿನ ಕಾಲು ಈಗ ಹೇಗಿದೆ? ಇದನ್ನು ಮೊದಲೇ ಕೇಳಬೇಕಿತ್ತು.

ಚುಮ್ಮಿಯ ಅಜ್ಜ


ಫೆಬ್ರವರಿ ೨೮

ಮಾವನವರಿಗೆ,

ಚುಮ್ಮಿಯ ಗಾಯ ಒಣಗುತ್ತಿದೆ. ಕಲೆ ಉಳಿಯುತ್ತದೆ ಎಂದರು ಡಾಕ್ಟರ್. ಶಾಲೆಯಲ್ಲಿ ಯಾರೋ "ಛೀ" ಎಂದರಂತೆ, ಈಗ ಕಾಲುಚೀಲವನ್ನು ಮೊಣಕಾಲಿನವರೆಗೆ ಎಳೆದುಕೊಂಡೇ ಹೋಗುತ್ತಾಳೆ.

ದೀಪ ಹಾಕಿದ್ದು ಯಾರೆಂದು ಸದ್ಯಕ್ಕೆ ಕೇಳಬೇಡಿ. ಹೆಸರು ಗೊತ್ತಾದರೆ ಹೆಸರು ನೋಡಿ ಮಾತಾಡುತ್ತೀರಿ. ನನಗೆ ವೈರು ನೋಡಿ ಆಡಿದ ಮಾತು ಬೇಕು.

ಎರಡು ಭಾನುವಾರ ಮನೆ ಮುಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತೆ. ಮೇಲಿನ ಮನೆಯ ಟೈಲರಮ್ಮ ಬಗ್ಗಿ ನೋಡಿ, "ಏನಮ್ಮಾ, ಮೀಟರ್ ಬಿಟ್ಟು ಗ್ಯಾರೇಜ್ ಇಟ್ಯಾ?" ಎಂದರು. ಕಂಡದ್ದನ್ನು ಬರೆಯುತ್ತೇನೆ.

ಹಳೆಯ ದೀಪಗಳು ಚೊಕ್ಕವಾಗಿ ಮಿನುಗಿದವು, ಎಡಕ್ಕೆ ಎಡ, ಬಲಕ್ಕೆ ಬಲ. ಹೊಸವು ಮತ್ತೆ ನಾಲ್ಕೂ. ಬಾಣದ ಬಲ್ಬ್ ಕಿತ್ತ ಕೂಡಲೇ ಹೊಸವೂ ಬುದ್ಧಿ ಕಲಿತು ಒಂದೊಂದೇ ಕಡೆ ಮಿನುಗಿದವು. ನನಗಂತೂ ಕುಣಿಯುವಷ್ಟು ಖುಷಿಯಾಯಿತು, ಕಾರಣ ಗೊತ್ತಿಲ್ಲ. ಹಿಂದಿನ ದೀಪಗಳ ಅರ್ಥ್ ತಂತಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದಿದ್ದಾರೆ, ಆದರೆ ಬಣ್ಣ ಕೆರೆಯದೆ ಬಣ್ಣದ ಮೇಲೆಯೇ ಬಿಗಿದಿದ್ದಾರೆ. ಒಂದು ವೈರು ಸೀಟಿನ ಬೋಲ್ಟಿನ ಕೆಳಗೆ ಸಿಕ್ಕಿ ಅದರ ಸಿಪ್ಪೆ ಸೀಳಿದೆ. ಸುಟ್ಟ ಜಾಗದಲ್ಲಿ ಬೆರಳಿನಷ್ಟು ಉದ್ದದ, ಚಿನ್ನದ ಬಣ್ಣದ ಎರಡು ಲೋಹದ ತುಂಡುಗಳಿದ್ದವು. ಪಕ್ಕದ ಪ್ಲಾಸ್ಟಿಕ್ ಹೊದಿಕೆಗೆ ತಾಗಿಸಿ, ವೈರಿನ ಕಟ್ಟಿನ ಜೊತೆ ಸೇರಿಸಿಯೇ ಕಟ್ಟಿದ್ದಾರೆ. ಅಲ್ಲಿಂದಲೇ ಕರಗಲು ಶುರುವಾಗಿದೆ.

ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯೂಸ್ ಇಲ್ಲ. ತಾಮ್ರದ ಎಳೆಗಳನ್ನು ಹೊಸೆದು ಎರಡು ತುದಿಗೂ ಸುತ್ತಿದ್ದಾರೆ. ಬಿಡಿಸಿ ಎಣಿಸಿದೆ, ಏಳು ಎಳೆ.

ಟೇಪ್ ಬಿಚ್ಚುವುದು ಮಾತ್ರ ಕಷ್ಟವಾಗಲಿಲ್ಲ. ಪ್ರತಿಯೊಂದರ ತುದಿಯನ್ನೂ ಕಿವಿಯ ಹಾಗೆ ಮಡಿಸಿ ಬಿಟ್ಟಿದ್ದರು, ಹಿಡಿದು ಎಳೆದರೆ ಬರುತ್ತಿತ್ತು.

ಇತಿ,
ಚುಮ್ಮಿಯ ಅಮ್ಮ


ಮಾರ್ಚ್ ೫

ಚುಮ್ಮಿಯ ತಾಯಿಗೆ,

ನಾಲ್ಕೂ ಯಾಕೆ ಮಿನುಗುತ್ತವೆ ಅಂದರೆ, ಆ ಗಾಡಿಯ ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಬಾಣದ ಬಲ್ಬ್. ಎಡಕ್ಕೆ ಹಾಕಿದಾಗ ಚೂರು ಕರೆಂಟ್ ಅದರ ಮೂಲಕ ಬಲಗಡೆಗೂ ನುಸುಳುತ್ತದೆ. ಹಳೆಯ ದಪ್ಪ ಬಲ್ಬುಗಳು ಸೋಮಾರಿಗಳು, ಅಷ್ಟಕ್ಕೆಲ್ಲ ಏಳುವುದಿಲ್ಲ. ನಿನ್ನ ಎಲ್ಇಡಿಗೆ ನೆಕ್ಕುವಷ್ಟು ಸಿಕ್ಕರೂ ಸಾಕು, ಕುಣಿಯುತ್ತದೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಎಂಬ ಪುಟ್ಟ ಸಾಮಾನು ಎರಡು ಹಾಕಿದ್ದರೆ ಮುಗಿಯುತ್ತಿತ್ತು. ಬ್ರೇಕ್ ಒತ್ತಿದಾಗ ಮಂಕಾಗಿ ಉರಿಯುವುದು ಆ ಬಣ್ಣದ ಮೇಲೆ ಬಿಗಿದ ಅರ್ಥಿನಿಂದ. ಅಪ್ಪಟ ಸೋಮಾರಿತನ. ಚಾಕುವಿನಲ್ಲಿ ನಾಲ್ಕು ಸಲ ಕೆರೆಯಲು ಆ ಮಹಾನುಭಾವನ ಕೈ ಸವೆಯುತ್ತಿತ್ತೇ?

ಚಿನ್ನದ ಬಣ್ಣದ್ದು ರೆಸಿಸ್ಟರ್. ಎಲ್ಇಡಿ ಕಡಿಮೆ ಕರೆಂಟ್ ಎಳೆಯುವುದರಿಂದ, ದೀಪ ಮಿನುಗಿಸುವ ಹಳೆಯ ಫ್ಲಾಷರಿಗೆ ಹುಚ್ಚು ಹಿಡಿದು ಪಟಪಟ ಬಡಿದುಕೊಳ್ಳುತ್ತದೆ. ಹೊಸ ಫ್ಲಾಷರ್ ಹಾಕುವ ಬದಲು ಈ ರೆಸಿಸ್ಟರ್ ಇಟ್ಟು ಕರೆಂಟನ್ನು ಸುಮ್ಮನೆ ಸುಡಿಸಿ ಮೋಸ ಮಾಡುತ್ತಾರೆ. ಕೈಯಿಟ್ಟರೆ ಬೊಬ್ಬೆ ಏಳುವಷ್ಟು ಕಾಯುತ್ತದೆ ಅದು. ಕಬ್ಬಿಣಕ್ಕೆ ಬೋಲ್ಟ್ ಹಾಕಿ ಕೂರಿಸಬೇಕು. ಅದನ್ನು ಪ್ಲಾಸ್ಟಿಕ್ಕಿಗೆ, ಅದೂ ಮಗು ಕಾಲು ಇಳಿಬಿಡುವ ಜಾಗದಲ್ಲಿ! ಛೀ! ಛೀ! ವೈರು ಕರಗಿತು, ಒಂದಕ್ಕೊಂದು ತಾಗಿತು, ಕಡಿಯಬೇಕಾದ ಫ್ಯೂಸಿನ ಜಾಗದಲ್ಲಿ ಏಳು ಎಳೆ ತಾಮ್ರ ಕೂತಿತ್ತು. ಇದು ವೈರಿಂಗ್ ಅಲ್ಲ, ಹೇಲು.

ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಟೇಪಿನ ತುದಿ ಮಡಿಸಿದೆ ಅಂದೆಯಲ್ಲ. ಒಂದನ್ನು ಮಡಿಕೆ ಬಿಚ್ಚದ ಹಾಗೆ ಕತ್ತರಿಸಿ ಕಳಿಸು.

ಚುಮ್ಮಿಯ ಅಜ್ಜ


ಮಾರ್ಚ್ ೧೦

ಮಾವನವರಿಗೆ,

ಜೊತೆಯಲ್ಲಿಟ್ಟಿದ್ದೇನೆ, ನೋಡಿ.

ಇತಿ,
ಚುಮ್ಮಿಯ ಅಮ್ಮ


ಮಾರ್ಚ್ ೩೧

ಚುಮ್ಮಿಯ ತಾಯಿಗೆ,

ಮೂರು ವಾರ ಬರೆಯಲಿಲ್ಲ. ನೀನು ಕಳಿಸಿದ ತುಂಡು ಜೇಬಿನಲ್ಲೇ ಇದೆ.

ತುದಿಯನ್ನು ಹಾಗೆ ಮಡಿಸುವುದು ನಾನೇ ಶುರು ಮಾಡಿದ್ದು, ಮುಂದೆ ಬಿಚ್ಚುವವನ ಉಗುರು ಮುರಿಯದಿರಲಿ ಎಂದು. ನನ್ನ ಅಂಗಡಿ ಬಿಟ್ಟು ಬೇರೆಲ್ಲೂ ಅದು ಇಲ್ಲ, ನನ್ನ ಅಂಗಡಿಯಲ್ಲಿ ಕಲಿತವನು ಒಬ್ಬನೇ. ಒಳಗೆ ಹೊಲಸು ತುಂಬಿ ಮೇಲೆ ನನ್ನ ಮಡಿಕೆ ಹಾಕಿದ್ದಾನೆ.

ಮೊದಲ ಎರಡು ವಾರ ನಾನು ಏನೂ ಮಾಡಲಿಲ್ಲ. ಬೇರೆ ಯಾರಾದರೂ ನೋಡಿ ಕಲಿತಿರಬಹುದು ಎಂದು ನನಗೆ ನಾನೇ ತಿಪ್ಪೆ ಸಾರಿಸಿಕೊಂಡೆ. ಕಳೆದ ಸೋಮವಾರ ಅಂಗಡಿಯಲ್ಲಿ ಅವನ ಮುಂದೆ ತುಂಡು ಇಟ್ಟೆ. "ಚುಮ್ಮಿ ಅಮ್ಮನ ಗಾಡಿಗೆ ದೀಪ ಹಾಕಿದ್ದು ನೀನಾ?" ಎಂದೆ. ತಲೆಯಾಡಿಸಿ ಇಲ್ಲವೆಂದ. "ಇದು ಯಾರ ಕೈ ಹಾಗಾದ್ರೆ?" ಎಂದೆ. ನನ್ನ ಬಲಗಿವಿಗೆ ಬಾಯಿಟ್ಟು ಏನೋ ಗೊಣಗಿದ. "ಕೇಳಲ್ಲ ಕಣೋ, ಕೂಗು" ಎಂದೆ. ಗುಟ್ಟಾಗಿ ಮಾತಾಡುವ ಸೌಕರ್ಯ ನನ್ನ ಹತ್ತಿರ ಯಾರಿಗೂ ಇಲ್ಲ ನೋಡು. ಅವನು ಕೂಗಿಯೇ ಹೇಳಬೇಕಾಯಿತು.

"ನವೆಂಬರಲ್ಲಿ ಮಗು ನೋಡೋಕೆ ಹೋಗಿದ್ದೆ! ಹೊಸ ದೀಪ ಹಾಕ್ಕೊಟ್ರೆ ಖುಷಿಯಾಗಿ ವಾಪಸ್ ಬರ್ತಾಳೆ ಅಂದ್ಕೊಂಡೆ!"

"ಫ್ಯೂಸ್ ಎಲ್ಲೋ?"

"ಹಾಕಿದ್ದು ಸುಟ್ಟೋಯ್ತು! ಇನ್ನೊಂದು ಹಾಕ್ದೆ, ಅದೂ ಸುಟ್ಟೋಯ್ತು! ಬಸ್ಸಿಗೆ ಹೊತ್ತಾಗಿತ್ತು, ಸದ್ಯಕ್ಕಿರ್ಲಿ ಅಂತ ತಂತಿ ಸುತ್ದೆ!"

"ಎರಡು ಸಲ ಸುಟ್ಟಿದೆ ಅಂದ್ರೆ ಎಲ್ಲೋ ವೈರು ಸೀಳಿದೆ ಅಂತ ಬಾಯಿ ಬಡ್ಕೊಂಡಿದೆ ಕಣೋ ಅದು! ಹುಡುಕೋದು ಬಿಟ್ಟು ಅದರ ಬಾಯಿ ಕಟ್ಟಿದ್ಯಲ್ಲೋ!"

"ತಂತಿ ಸುತ್ತೋದು ಕಲ್ಸಿದ್ದು ನೀನೇ ತಾನೇ!"

ಎದುರಿನ ಟೈರಿನವನು ಪಂಪ್ ನಿಲ್ಲಿಸಿದ. ಸೀಟ್ ಹೊಲಿಯುವವನು ಸೂಜಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ನಿಂತ. ಇಡೀ ಬೀದಿ ಕೇಳಿತು.

ನಿಜ, ಕಲಿಸಿದ್ದು ನಾನೇ. ಫ್ಯೂಸ್ ಸಿಗದಿದ್ದ ಕಾಲದಲ್ಲಿ, ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಮನೆ ಮುಟ್ಟಲಿ ಎಂದು ಒಂದೇ ಒಂದು ಎಳೆ ಸುತ್ತಿ ಕಳಿಸುತ್ತಿದ್ದೆ. ‘ಸದ್ಯಕ್ಕೆ’ ಅನ್ನುವ ಮಾತೂ ನನ್ನದೇ. ಅದೆಷ್ಟು ಗಾಡಿ ವಾಪಸ್ ಬಂದು ಫ್ಯೂಸ್ ಹಾಕಿಸಿಕೊಂಡವೋ, ನಾನು ಎಂದೂ ವಿಚಾರಿಸಲಿಲ್ಲ.

ಬೇಕೆಂದು ಮಾಡಿದ್ದರೆ ನನಗೆ ಕೋಪ ಬರುತ್ತಿತ್ತು, ಕೋಪಕ್ಕೊಂದು ದಾರಿಯಿರುತ್ತದೆ. ಬಸ್ಸಿಗೆ ಹೊತ್ತಾಯಿತೆಂದು ಮಾಡಿದ. ಮಗು ಸುಟ್ಟುಕೊಂಡ ಮೇಲೆ ತನ್ನದೇ ಬೆಂಕಿಯನ್ನು ನಿನ್ನ ತಲೆಗೆ ಕಟ್ಟಿ ಕೋರ್ಟಿಗೆ ಹೋದ. ಅವನ ಎದುರು ತಟ್ಟೆ ಇಟ್ಟುಕೊಂಡು ಕೂರಲು ನನಗೆ ಹೇಸಿಗೆ. ನಾನು ಈಗ ಅಂಗಡಿಯಲ್ಲೇ ಉಣ್ಣುತ್ತೇನೆ.

ಇನ್ನೊಂದಿದೆ. ನಿಜವಾಗಿ ನನ್ನ ಕೈ ಹಿಡಿದು ನಿಲ್ಲಿಸಿದ್ದು ಇದು. ಜನವರಿ ಕೊನೆಯಲ್ಲಿ ಅವನೊಂದು ಕಾಗದ ತಂದು ರುಜು ಹಾಕು ಅಂದ. ‘ಮೂವತ್ತೈದು ವರ್ಷ ಅನುಭವವಿರುವ ನಾನು ಸದರಿ ವಾಹನವನ್ನು ಖುದ್ದಾಗಿ ಪರಿಶೀಲಿಸಿದ್ದು, ಸವಾರಳು ಬೀದಿಬದಿಯಲ್ಲಿ ಅಗ್ಗದ ದೀಪ ಹಾಕಿಸಿದ್ದೇ ಬೆಂಕಿಗೆ ಕಾರಣವೆಂದು ಕಂಡುಬಂದಿದೆ’ ಎಂದು ಅದರಲ್ಲಿತ್ತು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಗಾಡಿಯನ್ನು ನಾನು ಕಣ್ಣಿಂದಲೂ ಕಂಡಿರಲಿಲ್ಲ. ರುಜು ಹಾಕಿದೆ. ನೀನು ಮೊದಲ ಪತ್ರ ಬರೆಯುವ ಹೊತ್ತಿಗೆ ಅದು ಕೋರ್ಟಿನಲ್ಲಿತ್ತು. ಅದನ್ನು ಮುಚ್ಚಿಟ್ಟುಕೊಂಡೇ ನಿನಗೆ ಉಪದೇಶ ಮಾಡಿದೆ, ಊಹೆ ಬರೆಯಬೇಡ, ಕಂಡದ್ದನ್ನು ಬರೆ ಎಂದು. ಥೂ ನನ್ನ ಜನ್ಮಕ್ಕೆ.

ಚುಮ್ಮಿಯ ಅಜ್ಜ


ಏಪ್ರಿಲ್ ೫

ಮಾವನವರಿಗೆ,

ನೀವು ಬರೆದದ್ದರಲ್ಲಿ ನನಗೆ ಹೊಸದೇನೂ ಇಲ್ಲ.

ದೀಪ ಹಾಕಿದ್ದು ಯಾರೆಂದು ನನಗೆ ಗೊತ್ತಿರದೆ ಇರುತ್ತದೆಯೇ? ನಮ್ಮ ಅಂಗಳದಲ್ಲೇ ಕೂತು ಹಾಕಿದರು, ಚುಮ್ಮಿ ಸ್ಪ್ಯಾನರ್ ಎತ್ತಿ ಎತ್ತಿ ಕೊಟ್ಟಳು. ನಾನು ಬೇಡವೆಂದೆ. "ಮಗು ಮುಂದೆ ಮುಖ ಮುರೀಬೇಡ" ಎಂದರು, ಸುಮ್ಮನಾದೆ. ಇನ್ನು ಕೋರ್ಟಿನ ನೋಟಿಸಿನ ಜೊತೆ ನಿಮ್ಮ ರುಜುವಿನ ಕಾಗದದ ನಕಲೂ ಬಂದಿತ್ತು. ಫೆಬ್ರವರಿ ಎಂಟಕ್ಕೆ ಅದನ್ನು ಓದಿದೆ. ಒಂಬತ್ತಕ್ಕೆ ನಿಮಗೆ ಬರೆದೆ.

ಓದಿದ ದಿನ ನನಗೆ ನಿಮ್ಮ ಮಗನ ಮೇಲೆ ಅಷ್ಟೇನೂ ಅಸಹ್ಯವಾಗಲಿಲ್ಲ, ಅವರದು ನನಗೆ ಅಭ್ಯಾಸವಿದೆ. ಅಸಹ್ಯವಾದದ್ದು ನಿಮ್ಮ ರುಜು ನೋಡಿ. ಅಕ್ಷರ ಒಂದಿಷ್ಟೂ ಅಲುಗಾಡಿರಲಿಲ್ಲ. ವಕೀಲರು, "ನಿಮ್ಮ ಮಾವನೇ ಹೇಳಿದ ಮೇಲೆ ಬೇರೆ ಎಲೆಕ್ಟ್ರಿಷಿಯನ್ ಮಾತು ಯಾರು ನಂಬ್ತಾರೆ?" ಎಂದು ಕೈಚೆಲ್ಲಿದರು. ಬಂದು ನಿಮ್ಮ ಅಂಗಡಿಯ ಮುಂದೆ ನಿಂತು ಜಗಳವಾಡಬಹುದಿತ್ತು. ನೀವು ಕಿವಿ ಕೇಳುವುದಿಲ್ಲವೆಂದು ಒಳಗೆ ಹೋಗುತ್ತಿದ್ದಿರಿ. ಒಂಬತ್ತು ವರ್ಷ ಆ ಅಂಗಡಿಯ ಹಿಂದಿನ ಮನೆಯಲ್ಲಿ ಇದ್ದವಳು ನಾನು. ಗಿರಾಕಿಗೆ, ನೆಂಟರಿಗೆ, ಮಗನಿಗೆ ನೀವು ಏನು ಬೇಕಾದರೂ ಹೇಳಬಲ್ಲಿರಿ, ಬಿಚ್ಚಿಟ್ಟ ವೈರಿನ ಮುಂದೆ ಮಾತ್ರ ಸುಳ್ಳು ಹೇಳಲಾರಿರಿ. ಅದಕ್ಕೇ ಹೆಸರು ಮುಚ್ಚಿಟ್ಟು ವೈರು ಬಿಚ್ಚಿಟ್ಟೆ. ಟೇಪಿನ ಕಿವಿಯ ಮಾತನ್ನು ಕೊನೆಯಲ್ಲಿ ಬೇಕೆಂದೇ ಬರೆದೆ.

ಕ್ಷಮಾಪಣೆ ಬೇಡ. ಇಪ್ಪತ್ತಕ್ಕೆ ಬಂದು ನಿಜ ಹೇಳುತ್ತೀರೋ ಇಲ್ಲವೋ, ಅಷ್ಟು ಬರೆಯಿರಿ. ನೀವು ಬರದಿದ್ದರೆ ಚುಮ್ಮಿ ಹೋಗುತ್ತಾಳೆ.

ಇತಿ,
ಚುಮ್ಮಿಯ ಅಮ್ಮ


ಏಪ್ರಿಲ್ ೧೧

ಚುಮ್ಮಿಯ ತಾಯಿಗೆ,

ಬರುತ್ತೇನೆ.

ಮಗನ ವಕೀಲರ ಹತ್ತಿರ ಹೋಗಿ ಹೇಳಿದೆ. ಖುದ್ದಾಗಿ ನೋಡಿದ್ದೇನೆಂದು ರುಜು ಹಾಕಿ ಈಗ ಇಲ್ಲ ಅಂದರೆ ನನ್ನ ಮೇಲೆಯೇ ಕೇಸ್ ಹಾಕಬಹುದಂತೆ. ಕಾಗದದಲ್ಲಿ ದಪ್ಪಗೆ ಬರೆದು ತೋರಿಸಿದರು. ಹಾಕಲಿ. ನೀವು ಜ್ಞಾಪಕಶಕ್ತಿ ಕಡಿಮೆಯಾಗಿದೆ ಅನ್ನಿ, ವಯಸ್ಸಾಗಿದೆ ಅನ್ನಿ ಎಂದೂ ಬರೆದರು. ಮುದುಕನಾದರೆ ಕಿವಿ ಹೋಗಬಹುದು, ಫ್ಯೂಸಿಗೂ ತಂತಿಗೂ ವ್ಯತ್ಯಾಸ ಮರೆಯುತ್ತದೆಯೇ?

ನಿನ್ನೆ ಬೆಳಗ್ಗೆ ಮಗ ಕೂಗಿ ಹೇಳಿದ, "ಅಲ್ಲಿ ಬಾಯಿ ಬಿಟ್ರೆ ನಿಂಗೆ ಮಗ ಇಲ್ಲ ಅಂದ್ಕೋ!" ಈ ಸಲ ಟೈರಿನವನು ಪಂಪ್ ನಿಲ್ಲಿಸಲೂ ಇಲ್ಲ, ಅವನಿಗೂ ಅಭ್ಯಾಸವಾಗಿದೆ.

ಸುಟ್ಟ ತುಂಡಿನ ಡಬ್ಬಿ, ಏಳು ಎಳೆ, ರೆಸಿಸ್ಟರ್ ಎಲ್ಲ ತಾ. ಅಷ್ಟರಲ್ಲಿ ಎರಡು ಡಯೋಡ್ ತಂದು ಬಾಣದ ಬಲ್ಬಿಗೆ ಬರುವ ಎರಡೂ ವೈರಿಗೆ ಒಂದೊಂದು ಹಾಕಿ ಬಲ್ಬಿನ ಒಂದೇ ತುದಿಗೆ ಸೇರಿಸು, ಇನ್ನೊಂದು ತುದಿಯನ್ನು ಅರ್ಥಿಗೆ ಕೊಡು. ಬೆಸುಗೆ ಹಾಕು, ಬರೀ ತಿರುಚಬೇಡ. ಗೊತ್ತಾಗದಿದ್ದರೆ ಚಿತ್ರ ಬರೆದಿದ್ದೇನೆ, ಹಿಂದಿನ ಪುಟ ನೋಡು.

ಚುಮ್ಮಿಯ ಅಜ್ಜ


ಏಪ್ರಿಲ್ ೨೭

ಮಾವನವರಿಗೆ,

ಆದೇಶದ ಪ್ರತಿ ನಿನ್ನೆ ಕೈಗೆ ಬಂತು. ಚುಮ್ಮಿ ನನ್ನ ಹತ್ತಿರವೇ ಇರುತ್ತಾಳೆ. ತಿಂಗಳಿಗೆ ಎರಡು ಭಾನುವಾರ ನಿಮ್ಮ ಮಗ ಇಲ್ಲಿಗೆ ಬಂದು ನೋಡಬಹುದು. ನಿಮಗೆ ನಮಸ್ಕಾರ. ಇದನ್ನು ಬಾಯುಪಚಾರಕ್ಕೆ ಬರೆಯುತ್ತಿಲ್ಲ.

ಅವತ್ತು ಜಡ್ಜ್ ಮೇಡಂ "ಗಾಡಿ ನೋಡಿದ್ರಾ?" ಎಂದು ಮೂರು ಸಲ ಕೂಗಿದ ಮೇಲೆ ನೀವು ಅಷ್ಟೇ ಜೋರಾಗಿ, "ನೋಡ್ಲಿಲ್ಲ! ನೋಡ್ದೆ ರುಜು ಹಾಕ್ದೆ! ಹಾಳು ಮಾಡಿದ್ದು ನನ್ನ ಮಗ, ಅವನಿಗೆ ಕಲ್ಸಿದ್ದು ನಾನು!" ಎಂದಿರಿ. ಹೊರಗೆ ಕಾಯುತ್ತಿದ್ದವರೂ ಬಾಗಿಲಿಗೆ ಬಂದು ಇಣುಕಿದರು. ಜಡ್ಜ್ ಮೇಡಂ ನಿಮ್ಮನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರಲ್ಲ, ಆ ನೋಟ ನನಗೆ ಸಹಿಸಲಾಗಲಿಲ್ಲ, ನೀವೋ ತಲೆ ತಗ್ಗಿಸದೆ ನಿಂತಿದ್ದಿರಿ. ಡಬ್ಬಿ ತೆರೆದು ಒಂದೊಂದೇ ಎತ್ತಿ ತೋರಿಸಿದಿರಿ. ನಿಮ್ಮ ಮಗ ಎದ್ದು ಹೊರಟೇ ಹೋದರು. ಆಮೇಲೆ ನೀವು ಒಬ್ಬರೇ ಬಸ್ಸಿಗೆ ನಿಂತಿದ್ದನ್ನು ನೋಡಿದೆ. ಹತ್ತಿರ ಬರಬೇಕೆನ್ನಿಸಿತು, ಬರಲಿಲ್ಲ.

ಯಾಕೆ ಬರಲಿಲ್ಲವೆಂದು ಬರೆದುಬಿಡುತ್ತೇನೆ. ಒಳಗಿಟ್ಟುಕೊಂಡರೆ ಕೊಳೆಯುತ್ತದೆ.

ನೀವು ಸತ್ಯ ಹೇಳಿದಿರಿ, ನಿಜ. ಆದರೆ ಹೇಳಿಸಿದ್ದು ವೈರು. ಫ್ಯೂಸ್ ಪೆಟ್ಟಿಗೆಯಲ್ಲಿ ಏಳು ಎಳೆ ಇರದೆ, ಟೇಪಿನ ತುದಿ ಮಡಿಸಿರದೆ, ಬೆಂಕಿ ನಿಜವಾಗಿಯೂ ಯಾವನೋ ಬೀದಿಬದಿಯವನಿಂದಲೇ ಹತ್ತಿದ್ದರೆ? ನಿಮ್ಮ ರುಜು ಹಾಗೇ ಇರುತ್ತಿತ್ತು, ಚುಮ್ಮಿ ಈಗ ನಿಮ್ಮ ಮನೆಯಲ್ಲಿರುತ್ತಿದ್ದಳು. ವೈರು ಹೇಳಿದ್ದನ್ನೆಲ್ಲ ನಂಬಿದಿರಿ. ಯಾವ ದೀಪ ಯಾವಾಗ ಮಂಕಾಯಿತು, ಯಾವ ಬೋಲ್ಟಿನ ಕೆಳಗೆ ಏನು ಸಿಕ್ಕಿದೆ, ಎಲ್ಲ ಕೇಳಿದಿರಿ. ಪತ್ರದ ಮೇಲೆ ಪತ್ರ ಬರೆದು ಕೇಳಿದಿರಿ.

ನಾನು ಮನೆ ಬಿಟ್ಟ ಬೆಳಗ್ಗೆ ಚುಮ್ಮಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಡಿ ದಾಟಿಯೇ ಹೋದೆ. ನೀವು ಬಾಗಿಲಲ್ಲಿ ಕೂತು ಯಾವುದೋ ಸ್ಟಾರ್ಟರ್ ಮೋಟರ್ ಬಿಚ್ಚುತ್ತಿದ್ದಿರಿ. ನಿಂತೆ. ನೀವು ತಲೆ ಎತ್ತಿದಿರಿ, ನನ್ನ ಮುಖ ನೋಡಿದಿರಿ, ಅವತ್ತು ನನ್ನ ಮುಖ ಹೇಗಿತ್ತೆಂದು ನಿಮಗೂ ಗೊತ್ತು. ಮತ್ತೆ ಮೋಟರಿನ ಮೇಲೆ ಬಗ್ಗಿದಿರಿ. ಆಮೇಲೆ ಎಲ್ಲರ ಹತ್ತಿರವೂ ‘ಮನೆ ಬಿಟ್ಟು ಹೋದವಳು’ ಎಂದಿರಿ.

ಚುಮ್ಮಿ ಅಜ್ಜನನ್ನು ನೋಡಬೇಕು ಅನ್ನುತ್ತಾಳೆ. ನಾನು ಇನ್ನೂ ಹೂಂ ಅಂದಿಲ್ಲ. ಗಾಡಿ ಸರಿಯಾಗಿದೆ.

ಇತಿ,
ಚುಮ್ಮಿಯ ಅಮ್ಮ


ಮೇ ೩

ಅಮ್ಮಾ,

ಅವನು ಬಟ್ಟೆಬರೆ ತೆಗೆದುಕೊಂಡು ಹೋದ. ಮನೆಯಲ್ಲಿ ನಾನೊಬ್ಬನೇ. ಇದನ್ನು ನಿನಗೆ ಕನಿಕರ ಬರಲೆಂದು ಬರೆಯುತ್ತಿಲ್ಲ, ನಿನ್ನ ಪತ್ರ ಬೇರೆ ಯಾರ ಕೈಗಾದರೂ ಸಿಕ್ಕೀತೆಂಬ ಅಂಜಿಕೆ ಇನ್ನು ಬೇಡ ಎಂದು ತಿಳಿಸುವುದಕ್ಕೆ ಬರೆದೆ.

ನಿನ್ನ ಮುಖ ನೋಡಿದೆ, ನಿಜ. ಎಡಗಣ್ಣಿನ ಕೆಳಗೆ ಊದಿಕೊಂಡಿತ್ತು. ಕೇಳಿದರೆ ನೀನು ಹೇಳುತ್ತೀಯ, ಹೇಳಿದರೆ ನಾನು ಏನಾದರೂ ಮಾಡಬೇಕಾಗುತ್ತದೆ ಎಂದು ಕೇಳಲಿಲ್ಲ. ಅವತ್ತು ನನಗೆ ಈಗಿನಷ್ಟು ಕಿವುಡೂ ಇರಲಿಲ್ಲ. ಹಿಂದಿನ ಮನೆಯ ಗೋಡೆ ತೆಳು.

ಚುಮ್ಮಿಯನ್ನು ಕಳಿಸು ಎಂದು ಕೇಳುವುದಿಲ್ಲ. ನಾನು ಬರಲೇ ಎಂದೂ ಕೇಳುವುದಿಲ್ಲ. ಕೇಳಬೇಕಾದದ್ದು ಒಂದೇ, ಅದನ್ನು ಕೇಳಲು ಒಂದೂವರೆ ವರ್ಷ ತಡವಾಗಿದೆ.

ಯಾಕಮ್ಮಾ ಮನೆ ಬಿಟ್ಟೆ? ಮೊದಲಿನಿಂದ ಬರೆ. ಎಷ್ಟು ಹಾಳೆಯಾದರೂ ಆಗಲಿ, ಓದುತ್ತೇನೆ.

ಮಾವ